ಚುಕ್ಕೆ ಮಾಯವಾಯ್ತು, ರೋಗ ಹೋಗಿಲ್ಲ

"ಸರ್, ಮೊನ್ನೆ ಇದ್ದ ಬಿಳಿ ಚುಕ್ಕೆ ಇವತ್ತು ಒಂದೂ ಇಲ್ಲ. ವಾಸಿಯಾಯ್ತು ಅಲ್ವಾ?" ಉಪ್ಪುನೀರಿನ ಮೀನು ಸಾಕುವವರು ಇದನ್ನು ಕೇಳುತ್ತಲೇ ಇರುತ್ತಾರೆ. ಬ್ಲೂ ಟ್ಯಾಂಗ್ ತಂದವರಂತೂ ಜಾಸ್ತಿ. ಇಕ್ ಎಂಬ ಈ ಬಿಳಿ ಚುಕ್ಕೆ ರೋಗ ಬೇಗ ಅಂಟುವ ಮೀನು ಅದು.

ವಾಸಿಯಾಗಿಲ್ಲ. ಇದು ಕ್ರಿಪ್ಟೋಕ್ಯಾರಿಯಾನ್ ಎಂಬ ಒಂದೇ ಕೋಶದ ಪರಾವಲಂಬಿಯ ಕೆಲಸ. ಮೀನಿನ ಚರ್ಮ, ಕಿವಿರುಗಳಲ್ಲಿ 3ರಿಂದ 7 ದಿನ ತಿಂದು ಕೊಬ್ಬಿ, ತಾನಾಗಿಯೇ ಉದುರುತ್ತದೆ. ಆಮೇಲೆ ಮರಳಿಗೋ ಕಲ್ಲಿಗೋ ಅಂಟಿ, ಗಟ್ಟಿ ಕವಚದೊಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಮರಿಗಳು ಹೊರಬಿದ್ದು ಮತ್ತೆ ಮೀನನ್ನು ಹುಡುಕುತ್ತವೆ. ಚುಕ್ಕೆ ಕಾಣದ ದಿನಗಳಲ್ಲಿ ರೋಗ ಟ್ಯಾಂಕಿನ ತಳದಲ್ಲಿರುತ್ತದೆ, ಅಷ್ಟೇ.

ಹಾಗಾಗಿ ಚುಕ್ಕೆ ಬಂದ ಒಂದು ಮೀನನ್ನಲ್ಲ, ಎಲ್ಲ ಮೀನುಗಳನ್ನೂ ಬೇರೆ ಟ್ಯಾಂಕಿಗೆ, ಅಂದರೆ ಆಸ್ಪತ್ರೆ ಟ್ಯಾಂಕಿಗೆ ಹಾಕಿ, ಅಲ್ಲಿ ತಾಮ್ರದ ಮದ್ದು ಕೊಡಬೇಕು. ದೊಡ್ಡ ಟ್ಯಾಂಕಿಗೇ ತಾಮ್ರದ ಮದ್ದು ಸುರಿದರೆ ಹವಳ, ಸಿಗಡಿ, ಬಸವನಹುಳು ಸಾಯುತ್ತವೆ. ಕಲ್ಲು ಮದ್ದನ್ನು ಹೀರಿಕೊಳ್ಳುತ್ತದೆ.

ಆಸ್ಪತ್ರೆ ಟ್ಯಾಂಕ್ ಚೆಂದ ಕಾಣಬೇಕಿಲ್ಲ. ಬರೀ ಗಾಜು, ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಲ್ಬೋ ಸಾಕು. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದುಬಿಡಿ, ಅದೂ ಮದ್ದನ್ನು ಹೀರುತ್ತದೆ. ಕೀಲೇಟೆಡ್ ತಾಮ್ರವಾದರೆ (ಬೇರೆ ಅಣುವಿಗೆ ಕಟ್ಟಿಟ್ಟ ತಾಮ್ರ) ಸಾಮಾನ್ಯವಾಗಿ 2ರಿಂದ 2.5 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಹಾಗೆ ಕಟ್ಟಿರದ ಅಯಾನಿಕ್ ತಾಮ್ರದ ಲೆಕ್ಕವೇ ಬೇರೆ, ಅದು ತುಂಬ ಕಡಿಮೆ ಸಾಕು. ಬಾಟಲಿ ಮೇಲಿನದನ್ನು ಓದದೆ ಹಾಕಬೇಡಿ. ಒಂದೇ ಸಲ ಹಾಕದೆ ಎರಡು ದಿನದಲ್ಲಿ ಏರಿಸಿ. ಪ್ರತಿ ಸಲ ಹಾಕಿದ ಮೇಲೂ ಮೀನು ಮೇವು ತಿನ್ನುತ್ತಿದೆಯಾ ನೋಡಿ. ಪೂರ್ತಿ ಮಟ್ಟಕ್ಕೆ ಬಂದ ಮೇಲೆ 30 ದಿನ ಇಳಿಯಬಾರದು. ನೀರು ಬದಲಿಸುವಾಗ ಹೊಸ ನೀರಿಗೂ ಅಷ್ಟೇ ತಾಮ್ರ ಬೆರೆಸಿಕೊಳ್ಳಿ. ಇದನ್ನು ಮರೆತವರೇ ಹೆಚ್ಚು. ಮಟ್ಟ ಇಳಿದರೆ ದಿನಗಳನ್ನು ಮತ್ತೆ ಒಂದರಿಂದ ಎಣಿಸಬೇಕು.

ನಾನು ಕಂಡಂತೆ ಆಸ್ಪತ್ರೆ ಟ್ಯಾಂಕಿನಲ್ಲಿ ಇಕ್‌ಗಿಂತ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾಕ್ಕೆ ಸತ್ತ ಮೀನುಗಳೇ ಜಾಸ್ತಿ. ಹೊಸ ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ಮನೆಯಲ್ಲಿ ಎಲ್ಲ ಮೀನೂ ಚೆನ್ನಾಗಿರುವಾಗಲೇ ಒಂದು ಸ್ಪಂಜನ್ನು ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ಅದರ ಫಿಲ್ಟರ್ ತೊಟ್ಟಿಯಲ್ಲಿ) ಇಟ್ಟಿರಿ. ಅಮೋನಿಯಾ ಏರಿತೆಂದು ಅದನ್ನು ಕಟ್ಟಿಹಾಕುವ ಕಂಡೀಷನರ್ ಸುರಿಯಬೇಡಿ. ಕೆಲವು ಕಂಡೀಷನರ್‌ಗಳು ತಾಮ್ರದ ಜೊತೆ ಸೇರಿ ಮೀನಿಗೇ ವಿಷವಾಗುತ್ತವೆ. ನೀರು ಬದಲಿಸಿ.

ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. "ಅಷ್ಟು ದಿನವಾ?" ಅಂತ ಎಲ್ಲರೂ ಮುಖ ಸಪ್ಪಗೆ ಮಾಡುತ್ತಾರೆ. ಕೆಲವು ಕವಚಗಳು ತೆರೆಯಲು ಹತ್ತಿರ ಹತ್ತಿರ ಅಷ್ಟೇ ಹೊತ್ತು ಹಿಡಿಯುತ್ತವೆ, ಏನು ಮಾಡೋದು? ಹವಳ, ಸಿಗಡಿ ಅಲ್ಲೇ ಇರಲಿ. ಬೆಳ್ಳುಳ್ಳಿ ಹಚ್ಚಿದ ಮೇವು, ಕ್ಲೀನರ್ ಸಿಗಡಿ ಇವುಗಳಿಂದ ಇಕ್ ಹೋಗುವುದಿಲ್ಲ. ಸಿಹಿನೀರಿನ ಇಕ್‌ಗೆ ಮಾಡುವ ಹಾಗೆ ಹೀಟರ್ ಏರಿಸಿದರೂ ಅಷ್ಟೇ, ಸಿಹಿನೀರಿನದು ಬೇರೆಯೇ ಜೀವಿ.

ಇನ್ನೊಂದು ಮಾತು. ಮೀನು ಪಂಪಿನ ಧಾರೆಗೆ ಮುಖ ಕೊಟ್ಟು ಏದುಸಿರು ಬಿಡುತ್ತಾ, ಮೇವು ಬಿಟ್ಟಿದ್ದರೆ ಚುಕ್ಕೆಗೆ ಕಾಯಬೇಡಿ. ಅದು ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ ಇರಬಹುದು. ಅದರ ಚುಕ್ಕೆ ತುಂಬ ಸಣ್ಣದು, ಕೆಲವೊಮ್ಮೆ ಕಾಣುವುದೇ ಇಲ್ಲ. ಇಕ್ ವಾರಗಟ್ಟಲೆ ಸತಾಯಿಸಿದರೆ ವೆಲ್ವೆಟ್ ಕೆಲವೇ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡುತ್ತದೆ. ಮದ್ದು ಅದೇ ತಾಮ್ರ. ಅದೇ ರಾತ್ರಿ ಮೀನು ಎತ್ತಿ ಶುರು ಮಾಡಿ.