ಪುಶರ್‌ಗೆ ಸೋತ ಮರುದಿನ

ಐವತ್ತು ದಾಟಿದವರ ಟೂರ್ನಿಯಲ್ಲಿ ಸೋತು ಹೊರಗೆ ಬರುವವರ ಬಾಯಲ್ಲಿ ನಾನು ಜಾಸ್ತಿ ಕೇಳುವ ಮಾತು ಇದು: "ಅವನೇನು ಆಡಿದ ಸಾರ್? ಸುಮ್ನೆ ಚೆಂಡು ವಾಪಸ್ ಹಾಕ್ತಾ ಇದ್ದ." ಜೋರಾಗಿ ಹೊಡೆಯದೆ ಹಾಗೆ ವಾಪಸ್ ಹಾಕುತ್ತಲೇ ಇರುವವರನ್ನು ಪುಶರ್ ಅನ್ನುತ್ತಾರೆ. ಟೆನಿಸ್ ಅಂದರೆ ಚೆಂಡು ವಾಪಸ್ ಹಾಕುವುದೇ, ಅಲ್ವಾ? ಆದರೆ ಆ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೋಚ್ ಆಗಿ ನನ್ನ ಆಗಿನ ಕೆಲಸ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂರುವುದು.

ಸೀನಿಯರ್ ಟೆನಿಸ್‌ಗೆ ಎರಡು ಥರದವರು ಬರುತ್ತಾರೆ. ಕಾಲೇಜು ದಿನಗಳಲ್ಲಿ ಚೆನ್ನಾಗಿ ಆಡಿದವರು ಒಂದು ಕಡೆ. ನಲವತ್ತರ ಮೇಲೆ ರಾಕೆಟ್ ಹಿಡಿದು ಸ್ಲೈಸ್ (ಚೆಂಡನ್ನು ಕೆಳಗೆ ಕೊಯ್ದಂತೆ ಹೊಡೆಯುವುದು), ಲಾಬ್ (ಎದುರಾಳಿಯ ತಲೆಯ ಮೇಲಿಂದ ಎತ್ತಿ ಹೊಡೆಯುವುದು) ಎರಡನ್ನೇ ಗಟ್ಟಿ ಮಾಡಿಕೊಂಡವರು ಇನ್ನೊಂದು ಕಡೆ. ಮೊದಲನೆಯವರು ಎರಡನೆಯವರಿಗೆ ಸೋಲುತ್ತಾರೆ, ಮತ್ತೆ ಮತ್ತೆ ಸೋಲುತ್ತಾರೆ. ಇಪ್ಪತ್ತೈದರ ಫೋರ್‌ಹ್ಯಾಂಡ್ ತಲೆಯಲ್ಲಿ ಹಾಗೇ ಇರುತ್ತದೆ, ಕಾಲು ಮಾತ್ರ ಐವತ್ತೈದರದ್ದು. ಅದರ ಮೇಲೆ ಪಕ್ಕದ ಕೋರ್ಟಿನಲ್ಲಿ ಕ್ಲಬ್ಬಿನ ಗೆಳೆಯರೆಲ್ಲ ನಿಂತು ನೋಡುತ್ತಿರುತ್ತಾರೆ. ಈ ವಯಸ್ಸಿನಲ್ಲಿ ಒತ್ತಡ ಅಂದರೆ ಬಹುಮಾನದ ಹಣವಲ್ಲ, ಮರ್ಯಾದೆ.

ಆಟದ ಪದ್ಧತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸೀನಿಯರ್ ಪಂದ್ಯಗಳಲ್ಲಿ ಹೆಚ್ಚಿನ ಕಡೆ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಮ್ಯಾಚ್ ಟೈಬ್ರೇಕ್ ಇರುತ್ತದೆ, ಎರಡು ಪಾಯಿಂಟ್ ಅಂತರದಲ್ಲಿ ಮೊದಲು ಹತ್ತು ತಲುಪಿದವರಿಗೆ ಪಂದ್ಯ. ಒಂದೂವರೆ ಗಂಟೆ ಬೆವರು ಸುರಿಸಿ ಆಡಿದ್ದು ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆದರೂ ಅದನ್ನು ಅಭ್ಯಾಸ ಮಾಡುವವರು ಕಡಿಮೆ. ದಿನಾ ಬೆಳಿಗ್ಗೆ ಡಬಲ್ಸ್ ಆಡಿ, ಹರಟೆ ಹೊಡೆದು ಮನೆಗೆ ಹೋದರೆ 8-8ರಲ್ಲಿ ಕೈ ನಡುಗದೆ ಇನ್ನೇನಾಗುತ್ತದೆ? ನನ್ನ ಹತ್ತಿರ ಬರುವವರಿಗೆ ವಾರಕ್ಕೊಮ್ಮೆಯಾದರೂ 7-7ರಿಂದ ಆಟ ಶುರು ಮಾಡಿಸುತ್ತೇನೆ. ಸೋತವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಇಪ್ಪತ್ತು ರೂಪಾಯಿ ಕಾಫಿಗೂ ಕೈ ಬಿಗಿಯಾಗುವುದನ್ನು ನೋಡಿದರೆ ನಗು ಬರುತ್ತದೆ, ಆದರೆ ನನಗೆ ಬೇಕಾದದ್ದೂ ಅದೇ.

ಒತ್ತಡ ತಲೆಯ ವಿಷಯ ಎಂದು ಎಲ್ಲರೂ ಹೇಳುತ್ತಾರೆ. ಕೋರ್ಟಿನಲ್ಲಿ ಅದು ಕೈಯಲ್ಲಿ ಕಾಣಿಸುತ್ತದೆ. 8-8, ಮೊದಲ ಸರ್ವ್ ತಪ್ಪಿ ಈಗ ಎರಡನೇ ಸರ್ವ್. ಯಾವಾಗಲೂ ಚೆಂಡನ್ನು ಮೂರು ಸಲ ಪುಟಿಸುವವರು ಈಗ ಏಳೆಂಟು ಸಲ ಪುಟಿಸುತ್ತಾರೆ. ಮುಂಗೈ ನರ ಎದ್ದು ಕಾಣುತ್ತದೆ, ಟಾಸ್ (ಸರ್ವ್‌ಗೆ ಚೆಂಡು ಮೇಲೆಸೆಯುವುದು) ಒಂದು ಗೇಣು ತಗ್ಗುತ್ತದೆ, 'ಒಳಗೆ ಬಿದ್ದರೆ ಸಾಕು' ಎಂದುಕೊಂಡು ರಾಕೆಟ್ ವೇಗವನ್ನು ಅರ್ಧದಲ್ಲೇ ತಡೆಯುತ್ತಾರೆ. ಚೆಂಡು ನೆಟ್‌ಗೆ. ಕಾರಣ ಸರಳ. ಎರಡನೇ ಸರ್ವ್ ಅನ್ನು ಬಾಕ್ಸ್ ಒಳಗೆ ಇಳಿಸುವುದು ಸ್ಪಿನ್, ಸ್ಪಿನ್ ಬರುವುದು ರಾಕೆಟ್ ವೇಗದಿಂದ. ಹುಷಾರಾಗಿ ಮೆಲ್ಲಗೆ ಹೊಡೆದಷ್ಟೂ ಸ್ಪಿನ್ ಹೋಗುತ್ತದೆ, ಅಪಾಯ ಹೆಚ್ಚುತ್ತದೆ. ಹಾಗಾಗಿ ಸ್ವಿಂಗ್ ಪೂರ್ತಿ ಇರಲಿ, ನೆಟ್‌ನಿಂದ ಮೂರಡಿ ಮೇಲೆ ಗುರಿ ಇಡಿ, ಎದುರಾಳಿಯ ಮೈಗೆ ಕಳಿಸಿ.

ಅದಕ್ಕೆ ಮೊದಲು ಹಿಡಿತ ಸಡಿಲಾಗಬೇಕು. ಎರಡು ಪಾಯಿಂಟ್ ನಡುವೆ ನಿಯಮದ ಪ್ರಕಾರ 25 ಸೆಕೆಂಡ್ ಇದೆ. ಪಾಯಿಂಟ್ ಕಳೆದುಕೊಂಡವರು ಅವಸರದಲ್ಲಿ ಐದಾರು ಸೆಕೆಂಡಿಗೇ ಸರ್ವ್‌ಗೆ ನಿಂತುಬಿಡುತ್ತಾರೆ. ನೆಟ್‌ಗೆ ಬೆನ್ನು ಮಾಡಿ, ರಾಕೆಟ್ ಇನ್ನೊಂದು ಕೈಗೆ ಕೊಡಿ, ಉಸಿರನ್ನು ಉದ್ದಕ್ಕೆ ಬಿಡಿ, ಎಲ್ಲಿಗೆ ಸರ್ವ್ ಅಂತ ತೀರ್ಮಾನಿಸಿ, ಆಮೇಲೆ ಗೆರೆಯ ಹತ್ತಿರ ಹೋಗಿ.

ಇದು ದೊಡ್ಡವರನ್ನೂ ಬಿಟ್ಟಿಲ್ಲ. 1993ರ ವಿಂಬಲ್ಡನ್ ಫೈನಲ್‌ನಲ್ಲಿ ಯಾನಾ ನೊವೊಟ್ನಾ ಸ್ಟೆಫಿ ಗ್ರಾಫ್ ಎದುರು ಮೂರನೇ ಸೆಟ್‌ನಲ್ಲಿ 4-1 ಮುಂದಿದ್ದರು. ಇನ್ನೊಂದು ಪಾಯಿಂಟ್ ಬಂದರೆ 5-1. ಅಲ್ಲಿ ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್. ಸೆಟ್ 6-4ಕ್ಕೆ ಗ್ರಾಫ್ ಪಾಲಾಯಿತು. ಬಹುಮಾನ ಕೊಡಲು ಬಂದ ರಾಜಮನೆತನದ ಡಚೆಸ್ ಆಫ್ ಕೆಂಟ್ ಭುಜಕ್ಕೊರಗಿ ನೊವೊಟ್ನಾ ಅತ್ತ ಫೋಟೊ ಎಲ್ಲರಿಗೂ ನೆನಪಿದೆ. 1997ರಲ್ಲಿ ಮಾರ್ಟಿನಾ ಹಿಂಗಿಸ್‌ಗೆ ಮತ್ತೆ ಫೈನಲ್ ಸೋತಿದ್ದು ಅಷ್ಟಾಗಿ ನೆನಪಿಲ್ಲ. 1998ರಲ್ಲಿ ಕಪ್ ಎತ್ತುವಾಗ ಅವರಿಗೆ 29 ವರ್ಷ.

ಇನ್ನು ಲೈನ್ ಕಾಲ್. ನಮ್ಮ ಪಂದ್ಯಗಳಿಗೆ ಸಾಮಾನ್ಯವಾಗಿ ಅಂಪೈರ್ ಇರುವುದಿಲ್ಲ, ಅವರವರ ಕಡೆಯ ಗೆರೆ ಅವರವರೇ ನೋಡಬೇಕು, ಅನುಮಾನವಿದ್ದರೆ ಚೆಂಡು ಒಳಗೆ ಬಿತ್ತು ಅಂತಲೇ ಲೆಕ್ಕ. ಒಂದು ಕೆಟ್ಟ ಕಾಲ್ ನೆನೆದುಕೊಂಡು ಮೂರು ಗೇಮ್ ಕಳೆದುಕೊಳ್ಳುವವರು ಬೇಕಾದಷ್ಟು ಜನ. ಕೊಡಗಿನ ರೋಹನ್ ಬೋಪಣ್ಣ 2023ರ ಯುಎಸ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಚೆಂಡು ತೋಳಿಗೆ ತಾಗಿತು ಎಂದು ತಾವಾಗಿಯೇ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಫೈನಲ್ ಸೋತರು. 2024ರ ಜನವರಿಯಲ್ಲಿ ಅದೇ ಜೊತೆಗಾರ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು, 43ನೇ ವಯಸ್ಸಿನಲ್ಲಿ.

ಸೋತ ದಿನ ಏನೂ ವಿಶ್ಲೇಷಣೆ ಬೇಡ. ಮರುದಿನ ಬೆಳಿಗ್ಗೆ ಒಂದು ಹಾಳೆ ತೆಗೆದುಕೊಳ್ಳಿ. 'ಬ್ಯಾಕ್‌ಹ್ಯಾಂಡ್ ಕೈಕೊಟ್ಟಿತು' ಅಂತ ಬರೆದರೆ ಉಪಯೋಗವಿಲ್ಲ. 30-30, ಡ್ಯೂಸ್ (40-40), ಟೈಬ್ರೇಕ್‌ನ ಕೊನೆ, ಇಷ್ಟರಲ್ಲಿ ನೆನಪಿರುವ ಪಾಯಿಂಟ್‌ಗಳು ಹೇಗೆ ಮುಗಿದವು ಅಂತ ಬರೆಯಿರಿ. ಫೆಡರರ್ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: 1,526 ಸಿಂಗಲ್ಸ್ ಪಂದ್ಯಗಳಲ್ಲಿ ಶೇ 80ರಷ್ಟು ಗೆದ್ದರೂ ಅವರು ಗೆದ್ದ ಪಾಯಿಂಟ್ ಶೇ 54 ಮಾತ್ರ. ಅವರಂಥವರೇ ಹೆಚ್ಚುಕಡಿಮೆ ಅರ್ಧ ಪಾಯಿಂಟ್ ಕಳೆದುಕೊಂಡಿದ್ದಾರೆ. ನಿಮ್ಮ ಹಾಳೆಯಲ್ಲೂ ನಾಲ್ಕೈದು ಪಾಯಿಂಟ್‌ಗಿಂತ ಜಾಸ್ತಿ ಬರುವುದಿಲ್ಲ. ಪುಶರ್‌ಗೆ ಸೋತವರ ಹಾಳೆಯಲ್ಲಿ ನಾನು ಹೆಚ್ಚಾಗಿ ನೋಡುವುದು ಒಂದೇ ಕಥೆ: ಐದಾರು ಹೊಡೆತದ ನಂತರ ತಾಳ್ಮೆ ಕೆಟ್ಟು ಗೆರೆಗೆ ಗುರಿಯಿಟ್ಟಿದ್ದು. ತಾಳ್ಮೆ ಕೆಟ್ಟಿತು ಅಂತ ನಾವು ಹೇಳುತ್ತೇವೆ, ಎಷ್ಟೋ ಸಲ ನಿಜವಾಗಿ ಸೋತಿರುವುದು ಕಾಲು. ಅದಕ್ಕೆ ಮದ್ದು ಹಾಳೆಯಲ್ಲಿಲ್ಲ, ಫಿಸಿಯೋ ಹತ್ತಿರ ಇದೆ. ಬೋಪಣ್ಣ ಕೂಡ ಮೊಣಕಾಲಿನ ಕಾರ್ಟಿಲೇಜ್ ಸವೆದ ಮೇಲೆ ಅಯ್ಯಂಗಾರ್ ಯೋಗದ ಮೊರೆ ಹೋದವರು.

ಸೀನಿಯರ್ ಡ್ರಾದಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ, ನಿಮ್ಮ ಪುಶರ್ ಕೂಡ ಸಿಗುತ್ತಾರೆ. ಅವರಿಗೆ ಬೇಸ್‌ಲೈನ್ ಬಿಟ್ಟು ಬರುವುದು ಇಷ್ಟವಿರುವುದಿಲ್ಲ. ತಗ್ಗಿನ ಸ್ಲೈಸ್ ಒಂದನ್ನು ಮುಂದೆ ಹಾಕಿ ನೆಟ್‌ಗೆ ಕರೆಯಿರಿ, ಮುಂದಿನ ಚೆಂಡು ಅವರ ತಲೆಯ ಮೇಲಿಂದ ಹೋಗಲಿ. ಮೊದಲ ನಾಲ್ಕು ಗೇಮ್ ಇದನ್ನೇ ಮಾಡಿ, 1-3 ಆದರೂ ಬದಲಿಸಬೇಡಿ. ಅವರು ಏದುಸಿರು ಬಿಡುವುದು ಎರಡನೇ ಸೆಟ್‌ನಲ್ಲಿ.