ಬೆರಳಿಗೆ ಕಚ್ಚುವ ಕ್ಲಿಪ್ಪಿಗೆ ಕಾಣುವುದೇನು?

ಬಯೋಮೆಡಿಕಲ್ ಎಂಜಿನಿಯರಿಂಗ್ ಅಂದರೆ ಆಸ್ಪತ್ರೆ ಮಿಷನ್ ರಿಪೇರಿ ಅಂತ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡದವರು ಇವತ್ತಿಗೂ ನಂಬಿದ್ದಾರೆ. ಮಗಳಿಗೆ ಆ ಸೀಟು ಸಿಕ್ಕಿತು ಅನ್ನಿ, "ಅಯ್ಯೋ, ಕಂಪ್ಯೂಟರ್ ಸಿಗಲಿಲ್ವಾ?" ಅಂತಾರೆ. ರಿಪೇರಿ, ತಪಾಸಣೆ ನೋಡಿಕೊಳ್ಳುವ ಕ್ಲಿನಿಕಲ್ ಎಂಜಿನಿಯರಿಂಗ್ ಅದರ ಒಂದು ಕೊಂಬೆ, ಅಷ್ಟೇ. ಕೃತಕ ಕೈಕಾಲು ಇನ್ನೊಂದು. ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಪುಣೆಯಲ್ಲಿ ಸೈನಿಕರಿಗಾಗಿ ಅದಕ್ಕೊಂದು ಕೇಂದ್ರವೇ ಶುರುವಾಯಿತು. ಸ್ಕ್ಯಾನಿಂಗ್, ಕೀಲುಗಳ ಮೇಲೆ ಬೀಳುವ ಭಾರದ ಲೆಕ್ಕ, ಮೈಗೆ ಒಗ್ಗುವ ಲೋಹ, ಎಲ್ಲಕ್ಕೂ ಬೇರೆ ಬೇರೆ ಪರಿಣತರು.

ನನಗೆ ಹುಚ್ಚು ಮಾತ್ರ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಆಕ್ಸಿಮೀಟರಿನದು. ಕೋವಿಡ್‌ನಲ್ಲಿ ಮನೆಮನೆಗೆ ಬಂದ ಆ ಕ್ಲಿಪ್ಪು ಎರಡು ಬೆಳಕು ಹಾಯಿಸುತ್ತದೆ: 660 ನ್ಯಾನೊಮೀಟರ್ ಆಸುಪಾಸಿನ ಕೆಂಪು, 940ರ ಆಸುಪಾಸಿನ ಇನ್ಫ್ರಾರೆಡ್. ಆಮ್ಲಜನಕ ಹೊತ್ತ ರಕ್ತ ಇನ್ಫ್ರಾರೆಡ್ ಜಾಸ್ತಿ ಹೀರುತ್ತದೆ, ಆಮ್ಲಜನಕ ಇಳಿಸಿಬಂದ ರಕ್ತ ಕೆಂಪನ್ನು. ಆದರೆ ಚರ್ಮ, ಮೂಳೆ, ವಾಪಸು ಹೋಗುವ ರಕ್ತ, ಇವೂ ಬೆಳಕು ನುಂಗುತ್ತವಲ್ಲ? ಹೃದಯದಿಂದ ಈಗಷ್ಟೇ ಬಂದ ರಕ್ತ ಯಾವುದು ಅಂತ ಗೊತ್ತಾಗುವುದು ಹೇಗೆ? ಅದೊಂದೇ ಮಿಡಿಯುತ್ತದೆ! ಕರ್ಜತ್‌ನಿಂದ ಸೀಟು ಹಿಡಿದು ಕೂತವರನ್ನು ಬಿಟ್ಟು, ದಾದರ್‌ನಲ್ಲಿ ಲೋಕಲ್ ಹತ್ತಿ ಇಳಿಯುವವರನ್ನಷ್ಟೇ ಎಣಿಸಿದ ಹಾಗೆ. ಅಲುಗದ ಭಾಗವನ್ನು ಪಕ್ಕಕ್ಕಿಟ್ಟು, ಎರಡೂ ಬೆಳಕಿನಲ್ಲಿ ಮಿಡಿಯುವ ಭಾಗ ಎಷ್ಟೆಷ್ಟು ಅಂತ ಹೋಲಿಸುತ್ತದೆ. ಕೈ ತಣ್ಣಗಾದರೆ ಮಿಡಿತ ಸಣ್ಣದಾಗಿ ಕ್ಲಿಪ್ಪು ತಡವರಿಸುವುದು ಇದಕ್ಕೇ. ಪೆನ್ಸಿಲ್ಲಿಗೂ ಅಂಕಿ ತೋರಿಸಿತು ಅಂತ ವಿಡಿಯೊ ಓಡಾಡಿತ್ತು, ನೆನಪಿದೆಯಾ? ಹಿಡಿದ ಕೈ ನಡುಗಿದರೆ ಬೆಳಕೂ ನಡುಗುತ್ತದೆ. ಅದನ್ನೇ ನಾಡಿ ಅಂದುಕೊಂಡರೆ ಮೋಸ ಎಲ್ಲಿಂದ ಬಂತು?

ತಮಾಷೆಯೆಂದರೆ, ಈ ಉಪಾಯ ಕಂಡುಹಿಡಿದ ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿಗೆ ಮೊದಲು ಈ ಮಿಡಿತವೇ ಕಾಟವಾಗಿತ್ತು. ರಕ್ತಕ್ಕೆ ಬಣ್ಣ ಸೇರಿಸಿ ಹೃದಯ ಎಷ್ಟು ರಕ್ತ ತಳ್ಳುತ್ತದೆ ಅಂತ ಕಿವಿಯಲ್ಲಿ ಅಳೆಯಲು ಹೊರಟಿದ್ದರು. ಬಣ್ಣದ ಏರಿಳಿತ ತೋರಿಸುವ ಗೆರೆಯನ್ನು ಮಿಡಿತ ಕೆಡಿಸುತ್ತಿತ್ತು. ಅದನ್ನು ಅಳಿಸುವ ಉಪಾಯ ಹುಡುಕಿದರೆ, ಆಮ್ಲಜನಕ ಇಳಿದಾಗಲೆಲ್ಲ ಉಪಾಯ ಕೈಕೊಟ್ಟಿತು. ಹಾಗಾದರೆ ಆಮ್ಲಜನಕವನ್ನೇ ಅಳೆಯಬಹುದಲ್ಲ! 1974ರಲ್ಲಿ ವಿಷಯ ಮಂಡಿಸಿದರು.

ಇಷ್ಟಾದರೂ ಪರದೆಯ ಅಂಕಿ ಬರೀ ಲೆಕ್ಕದಿಂದ ಬಂದದ್ದಲ್ಲ. ಆರೋಗ್ಯವಂತರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟು, ಅವರ ರಕ್ತ ಪರೀಕ್ಷಿಸಿ, ತಾಳೆ ನೋಡಿ ಮಾಡಿಟ್ಟ ಪಟ್ಟಿ ಅದರೊಳಗಿದೆ. ಚರ್ಮದ ಬಣ್ಣ ಮಿಡಿಯುವುದಿಲ್ಲ, ಲೆಕ್ಕದಿಂದ ಹೊರಗೆ ಉಳಿಯಬೇಕಿತ್ತು. ಪೂರ್ತಿ ಉಳಿಯಲಿಲ್ಲ. ಅಂಕಿ ಸರಿ ಇದ್ದರೂ ನಿಜಕ್ಕೂ ಆಮ್ಲಜನಕ ಇಳಿದಿದ್ದ ಪ್ರಕರಣಗಳು ಬಿಳಿಯರಿಗೆ ಹೋಲಿಸಿದರೆ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಉಸಿರು ಕಟ್ಟುತ್ತಿದ್ದರೆ, ಕ್ಲಿಪ್ಪು 95 ಅಂದರೂ ಡಾಕ್ಟರ ಹತ್ತಿರ ಹೋಗಿ.