ಗಾಜಿನ ಎಂಎಫ್‌ಎ: ಊದಲು ಕಲಿಯುವ ಜಾಗ ಅದಲ್ಲ

ಶಿಲ್ಪಕಲೆಯಲ್ಲೋ ಸೆರಾಮಿಕ್ಸ್‌ನಲ್ಲೋ ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿದವರು ಪೋರ್ಟ್‌ಫೋಲಿಯೊ ಹಿಡಿದು ಬರುತ್ತಾರೆ. "ಗ್ಲಾಸ್‌ನಲ್ಲಿ ಮಾಸ್ಟರ್ಸ್ ಮಾಡ್ಬೇಕು ಮೇಡಂ, ಊದೋದನ್ನ ಎಲ್ಲಿ ಚೆನ್ನಾಗಿ ಹೇಳ್ಕೊಡ್ತಾರೆ?" ಎಂದು ಕೇಳುತ್ತಾರೆ. ಅಮೆರಿಕದ ಎಂಎಫ್‌ಎ, ಅಂದರೆ ಲಲಿತಕಲೆಯ ಸ್ನಾತಕೋತ್ತರ ಪದವಿಯಿಂದ ಅದನ್ನು ನಿರೀಕ್ಷಿಸಿದರೆ ನಿರಾಶೆ ಖಂಡಿತ. ಹಲವು ಕಡೆ ಎರಡು ವರ್ಷದ ಕೋರ್ಸ್ ಅದು. ಊದುವುದು ಬರದಿದ್ದರೆ ಬಿಎಫ್‌ಎ (ಪದವಿ ತರಗತಿ) ಮಕ್ಕಳ ಜೊತೆ ಕೂತು ಕಲಿತುಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ನಿಮ್ಮಿಂದ ಕೇಳುವುದು ಬೇರೆ: ಏನು ಮಾಡುತ್ತಿದ್ದೀರಿ, ಅದು ಗಾಜಿನಲ್ಲೇ ಏಕಾಗಬೇಕು, ರೆಸಿನ್‌ನಲ್ಲಿ ಆಗಿದ್ದರೆ ಏನು ನಷ್ಟ?

ಇದು ಹೀಗಾದುದಕ್ಕೆ ಒಂದು ಚರಿತ್ರೆ ಇದೆ. ಅಮೆರಿಕದಲ್ಲಿ 1960ರ ದಶಕದ ತನಕ ಬಿಸಿ ಗಾಜು ಎಂದರೆ ಕಾರ್ಖಾನೆಯ ಕೆಲಸ. ಕಲಾವಿದ ವಿನ್ಯಾಸ ಕೊಟ್ಟು ಸುಮ್ಮನಾಗುತ್ತಿದ್ದ, ಕುಲುಮೆಯ ಮುಂದೆ ಬೆವರುತ್ತಿದ್ದವರು ಕೆಲಸಗಾರರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೆರಾಮಿಕ್ಸ್ ಮೇಷ್ಟರು ಹಾರ್ವಿ ಲಿಟಲ್‌ಟನ್ 1962ರಲ್ಲಿ ಟೊಲೀಡೊ ಕಲಾ ಮ್ಯೂಸಿಯಂನಲ್ಲಿ ಎರಡು ಕಮ್ಮಟ ನಡೆಸಿದರು. ಸಣ್ಣ ಕುಲುಮೆಯಲ್ಲಿ ಒಬ್ಬನೇ ಗಾಜು ಕರಗಿಸಿ ಊದಲಾದೀತೇ ಎಂದು ನೋಡುವುದು ಉದ್ದೇಶ. ಮೊದಲು ಕರಗಿಸಿದ ಗಾಜು ಕೆಲಸಕ್ಕೆ ಬರಲಿಲ್ಲ. ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ಸಂಶೋಧಕ ಡೊಮಿನಿಕ್ ಲ್ಯಾಬಿನೊ ಫೈಬರ್‌ಗ್ಲಾಸ್ ತಯಾರಿಕೆಗೆ ಬಳಸುವ ಗಾಜಿನ ಗೋಲಿಗಳನ್ನು ಕೊಟ್ಟ ಮೇಲೆ ದಾರಿ ಕಂಡಿತು. ಲಿಟಲ್‌ಟನ್ ತಮ್ಮ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್‌ಗೆ ಮರಳಿ ಪಾಠ ಶುರು ಮಾಡಿದರು. ಅವರ ಶಿಷ್ಯರಲ್ಲಿ ಮಾರ್ವಿನ್ ಲಿಪೋಫ್‌ಸ್ಕಿ ಬರ್ಕ್ಲಿಯಲ್ಲಿ, ಡೇಲ್ ಚಿಹೂಲಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಗಾಜಿನ ವಿಭಾಗ ಕಟ್ಟಿದರು. 1971ರಲ್ಲಿ ಸಿಯಾಟಲ್‌ನ ಉತ್ತರಕ್ಕೆ ಚಿಹೂಲಿಯ ಪಿಲ್‌ಚಕ್ ಬೇಸಿಗೆ ಶಾಲೆ ಆರಂಭವಾಯಿತು. ಅಂದರೆ ಅಲ್ಲಿ ಗಾಜಿನ ಕಲೆ ಬೆಳೆದದ್ದು ವಿಶ್ವವಿದ್ಯಾಲಯದ ಮಡಿಲಲ್ಲಿ. ಹಾಗಾಗಿ ಕೈಗಿಂತ ಮಾತಿಗೆ, ವಿಚಾರಕ್ಕೆ ಒಂದು ಮಣೆ ಎತ್ತರ.

1972ರ ಹೊತ್ತಿಗೆ ಲಿಟಲ್‌ಟನ್ ಒಂದು ಸಮ್ಮೇಳನದಲ್ಲಿ "ತಂತ್ರಕ್ಕೇನು, ಅದು ಅಗ್ಗ" ಎಂದೇ ಹೇಳಿಬಿಟ್ಟರು. ಈಗಲೂ ಎಂಎಫ್‌ಎ ಸ್ಟುಡಿಯೊಗಳಲ್ಲಿ ಇದರ ಮೇಲೆ ಜಗಳ ಹತ್ತುತ್ತದೆ. ಚಿಹೂಲಿಯನ್ನೇ ನೋಡಿ: 1976ರ ಕಾರು ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿ ಹೋಯಿತು, 1979ರಲ್ಲಿ ಭುಜಕ್ಕೆ ಪೆಟ್ಟಾಯಿತು. ಆಮೇಲೆ ಬೆಂಚಿನ ಮೇಲೆ ಕೂತು ಊದಿದವರು ತಂಡದ ಗ್ಯಾಫರ್‌ಗಳು (ಮುಖ್ಯ ಊದುಗಾರರು), ಹೆಸರು ಮಾತ್ರ ಚಿಹೂಲಿಯದು. ಪ್ರಾಗ್‌ನ ಗಾಜಿನ ಕಲಾವಿದ ಸ್ತಾನಿಸ್ಲಾವ್ ಲಿಬೆನ್‌ಸ್ಕಿ ಬಣ್ಣದಲ್ಲಿ ಬರೆದದ್ದನ್ನು ಹೆಂಡತಿ ಯಾರೊಸ್ಲಾವಾ ಬ್ರಿಖ್ತೊವಾ ಮಣ್ಣಿನಲ್ಲಿ ರೂಪಿಸುತ್ತಿದ್ದರು, ಅದರಿಂದ ಅಚ್ಚು, ಅಚ್ಚಿನಿಂದ ಗಾಜು. ಆ ಕೃತಿಗಳಿಗೆ ಇಬ್ಬರದೂ ಹೆಸರು.

ನನ್ನ ತಕರಾರು ಇಷ್ಟೇ. ಕಾಲೇಜು ಕಾಲೇಜಿಗೂ ಕುಲುಮೆ ಇರುವ ದೇಶದಲ್ಲಿ ತಂತ್ರ ಅಗ್ಗವಾಗಿರಬಹುದು. ನಮ್ಮವರಿಗೆ ಅದು ದುಬಾರಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಲೆ ಓದಿದ ಹುಡುಗಿಗೆ ಕರಗಿದ ಗಾಜನ್ನು ಕೊಳವೆಗೆ ಸುತ್ತಿಕೊಳ್ಳುವ ಅವಕಾಶ ಪದವಿ ಮುಗಿಯುವ ತನಕ ಒಮ್ಮೆಯೂ ಸಿಕ್ಕಿರುವುದಿಲ್ಲ.

ಆ ಕೈ ಪಳಗಲು ಎಷ್ಟು ಹೊತ್ತು ಬೇಕೆಂಬುದು ನೋಡಿದರೇ ತಿಳಿಯುತ್ತದೆ. 1100 ಡಿಗ್ರಿಯ ಆಸುಪಾಸಿನಲ್ಲಿರುವ ಕುಲುಮೆಯಿಂದ ಬ್ಲೋಪೈಪಿನ ತುದಿಗೆ ಗಾಜು ತೆಗೆದ ಕ್ಷಣದಿಂದ ಕೊಳವೆ ತಿರುಗುತ್ತಲೇ ಇರಬೇಕು, ನಿಲ್ಲಿಸಿದರೆ ಗಾಜು ನೆಲದ ಕಡೆ ಜೋಲುತ್ತದೆ. ಬೆಂಚಿಗೆ ಬಂದು, ಮಡಚಿ ನೀರಲ್ಲಿ ನೆನೆಸಿದ ನ್ಯೂಸ್‌ಪೇಪರನ್ನು ಅಂಗೈಯಲ್ಲಿಟ್ಟು ಅದರ ಮೇಲೆ ಗಾಜು ಉರುಳಿಸುತ್ತಾರೆ. ಪೇಪರಿನ ಅಂಚು ಕರಕಲಾಗುತ್ತದೆ, ಚುಯ್ಯೆಂದು ಹಬೆ ಏಳುತ್ತದೆ, ಕೈ ಮಾತ್ರ ಸುಡುವುದಿಲ್ಲ. ಎಡಗೈ ಕೊಳವೆ ತಿರುಗಿಸುತ್ತಿದೆ, ಬಲಗೈ ಆಕಾರ ಕೊಡುತ್ತಿದೆ, ಜೊತೆಗಾರ ಹದ ನೋಡಿ ಉಸಿರು ತುಂಬುತ್ತಿದ್ದಾನೆ. ಅರ್ಧ ನಿಮಿಷದಲ್ಲೇ ಗಾಜು ಬಿಗಿಯುತ್ತದೆ, ಮತ್ತೆ ಕಾಯಿಸಲು ಗ್ಲೋರಿ ಹೋಲ್ ಎಂಬ ಒಲೆಗೆ ಓಡಬೇಕು. ಒಂದು ನೇರವಾದ ಲೋಟ ಮಾಡಲು ಬರುವಷ್ಟರಲ್ಲಿ ಒಂದು ಸೆಮಿಸ್ಟರ್ ಹೋಗಿಬಿಡುತ್ತದೆ. ನಾಲ್ಕೇ ಸೆಮಿಸ್ಟರ್ ಇರುವಾಗ ಒಂದನ್ನು ಲೋಟಕ್ಕೆ ಕೊಟ್ಟರೆ ಥೀಸಿಸ್ ಶೋಗೆ (ಕೋರ್ಸಿನ ಕೊನೆಯ ಪ್ರದರ್ಶನಕ್ಕೆ) ಏನು ಉಳಿಯಿತು?

ಹಾಗಾಗಿ ಮೊದಲು ಕೈ, ಆಮೇಲೆ ಅರ್ಜಿ ಎಂಬುದು ನನ್ನ ಪಕ್ಷ. ಪಿಲ್‌ಚಕ್, ನಾರ್ತ್ ಕ್ಯಾರೊಲಿನಾದ ಪೆನ್‌ಲ್ಯಾಂಡ್, ಕಾರ್ನಿಂಗ್ ಗ್ಲಾಸ್ ಮ್ಯೂಸಿಯಂನ ಸ್ಟುಡಿಯೊ, ಮೂರರಲ್ಲೂ ಒಂದೆರಡು ವಾರದ ತರಗತಿಗಳಿವೆ, ವಿದ್ಯಾರ್ಥಿವೇತನವೂ ಉಂಟು. ದೇಶದೊಳಗೆ ಫಿರೋಜಾಬಾದ್ ಇದೆ. ಬಳೆಯ ಊರೆಂದು ಮೂಗು ಮುರಿಯಬೇಡಿ, ಅಲ್ಲಿನ ಕುಶಲಕರ್ಮಿಗಳ ಕೈಚಳಕ ನೋಡಿದರೆ ಮಾಸ್ಟರ್ಸ್ ಮಾಡಿದವರೂ ತಲೆ ತಗ್ಗಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ಸೆರಾಮಿಕ್ ಮತ್ತು ಗಾಜಿನ ವಿನ್ಯಾಸದಲ್ಲಿ ಸ್ನಾತಕೋತ್ತರ ಕೋರ್ಸಿದೆ, ಅದರ ಒಲವು ಕಲೆಗಿಂತ ವಿನ್ಯಾಸದ ಕಡೆಗೆ. ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ವರ್ಗವಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಪ್ರಯೋಗಾಲಯದ ಗಾಜಿನ ಉಪಕರಣಗಳನ್ನು ಟಾರ್ಚಿನ ಗ್ಯಾಸ್ ಜ್ವಾಲೆಯ ಮುಂದೆ ಕೂತು ಮಾಡಿಕೊಡುವವರು. ಅವರು ಬಳಸುವುದು ಶಾಖ ತಾಳುವ ಬೋರೋಸಿಲಿಕೇಟ್ ಗಾಜು. ಅದನ್ನು ಊದುವ ಸೋಡಾ-ಲೈಮ್ ಗಾಜಿಗೆ ಅಂಟಿಸಿದರೆ ತಣಿಯುವಾಗ ಬಿರುಕು ಗ್ಯಾರಂಟಿ, ಎರಡೂ ಕುಗ್ಗುವ ಪ್ರಮಾಣ ಬೇರೆ ಬೇರೆ.

ಶಿಲ್ಪಕಲೆ ಓದಿದವರಿಗೆ ಊದುವುದು ಬಿಟ್ಟು ಇನ್ನೊಂದು ಬಾಗಿಲಿದೆ, ಕಿಲ್ನ್ ಕಾಸ್ಟಿಂಗ್, ಅಂದರೆ ಗೂಡೊಲೆಯಲ್ಲಿ (ಕಿಲ್ನ್) ಎರಕ ಹೊಯ್ಯುವುದು. ಮೇಣದ ಮಾದರಿಯ ಸುತ್ತ ಪ್ಲಾಸ್ಟರ್ ಮತ್ತು ಸಿಲಿಕಾ ಬೆರೆಸಿದ ಅಚ್ಚು ಕಟ್ಟಿ, ಮೇಣ ಇಳಿಸಿ, ಗಾಜು ತುಂಬಿ 830 ಡಿಗ್ರಿಯ ಸುಮಾರಿಗೆ ಕರಗಿಸುವುದು. ಕಂಚು ಎರಕ ಗೊತ್ತಿದ್ದವರಿಗೆ ಅರ್ಧ ಪಾಠ ಆಗಲೇ ಬಂದಿದೆ. ಉಳಿದರ್ಧವೇ ಅನೀಲಿಂಗ್, ಅಂದರೆ ಒಳಗೂ ಹೊರಗೂ ಒಂದೇ ತಾಪ ಇರುವಂತೆ ನಿಧಾನಕ್ಕೆ ತಣಿಸುವುದು. ಎಲ್ಲರೂ ಎಡವುವುದು ಇಲ್ಲೇ. ದಪ್ಪ ಎರಡರಷ್ಟಾದರೆ ತಣಿಸುವ ಸಮಯ ಎರಡರಷ್ಟಲ್ಲ, ಸರಿಸುಮಾರು ನಾಲ್ಕರಷ್ಟು. ಅಂಗುಲ ದಪ್ಪದ ಫಲಕ ಅರ್ಧ ದಿನದ ಮೇಲೆ ಇನ್ನೊಂದಿಷ್ಟು ಹೊತ್ತಿನಲ್ಲಿ ಮುಗಿದರೆ, ಎರಡು ಅಂಗುಲಕ್ಕೆ ಎರಡು ದಿನ, ನಾಲ್ಕು ಅಂಗುಲಕ್ಕೆ ವಾರ. ನಾಲ್ಕಂಗುಲದ್ದಕ್ಕೆ ಆರಂಭದಲ್ಲಿ ತಾಪ ಇಳಿಸುವ ವೇಗ ಗಂಟೆಗೆ ಒಂದು ಡಿಗ್ರಿಗೂ ಕಡಿಮೆ. ಪಾಲೊಮಾರ್ ದೂರದರ್ಶಕಕ್ಕೆಂದು 1934ರಲ್ಲಿ ಕಾರ್ನಿಂಗ್‌ನಲ್ಲಿ ಎರಕ ಹೊಯ್ದ 200 ಅಂಗುಲದ ತಟ್ಟೆಯನ್ನು ತಣಿಸಲು ಸುಮಾರು ಹತ್ತು ತಿಂಗಳು ಹಿಡಿಯಿತು. ಅವಸರ ಮಾಡಿದರೆ ಒತ್ತಡ ಒಳಗೇ ಉಳಿಯುತ್ತದೆ. ಒಂದಕ್ಕೊಂದು ಅಡ್ಡಲಾಗಿಟ್ಟ, ಬೆಳಕು ಸೋಸುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದರೆ ಮೂಲೆಗಳಲ್ಲಿ ಬೆಳ್ಳನೆ ಹೊಳೆಯುವುದು ಅದೇ. ಕೃತಿ ಚೆನ್ನಾಗಿಯೇ ಹೊರಬಂದು, ಶೆಲ್ಫ್ ಮೇಲೆ ಕೂತ ಎಷ್ಟೋ ದಿನದ ಮೇಲೆ ಟಣ್ ಎಂದು ಸೀಳಬಹುದು. ಥೀಸಿಸ್ ಕೆಲಸದ ವೇಳಾಪಟ್ಟಿಯನ್ನು ನಿಮ್ಮ ಪ್ರತಿಭೆ ನಿರ್ಧರಿಸುವುದಿಲ್ಲ, ಕಿಲ್ನ್ ಸರದಿ ನಿರ್ಧರಿಸುತ್ತದೆ.

ಇನ್ನು ಕ್ರಿಟ್, ಅಂದರೆ ಎಲ್ಲರೂ ಸೇರಿ ಕೃತಿಯನ್ನು ವಿಮರ್ಶಿಸುವುದು. ಕೃತಿಯನ್ನು ಗೋಡೆಗೋ ಪೀಠಕ್ಕೋ ಇಟ್ಟು, ಎಷ್ಟೋ ಕಡೆ ನೀವು ಬಾಯಿ ಮುಚ್ಚಿ ನಿಲ್ಲಬೇಕು, ಉಳಿದವರು ಮಾತಾಡುತ್ತಾರೆ. ಗುರುಗಳ ಎದುರು ತಲೆಯಾಡಿಸಿ ಅಭ್ಯಾಸವಾದ ನಮ್ಮ ಮಕ್ಕಳಿಗೆ ಮೊದಲ ತಿಂಗಳು ಇದು ಗಂಟಲಲ್ಲಿ ಇಳಿಯುವುದಿಲ್ಲ. "ಸುಂದರವಾಗಿದೆ" ಎಂದು ಯಾರಾದರೂ ಅಂದರೆ ಅದು ಹೊಗಳಿಕೆಯಲ್ಲ, ಅನುಮಾನ. ಗಾಜು ಹೇಗಿದ್ದರೂ ಚೆಂದವೇ. ಆ ಚೆಂದದಲ್ಲಿ ನಿಮ್ಮ ಪಾಲೆಷ್ಟು ಎಂಬುದೇ ಅವರ ಪ್ರಶ್ನೆ. ಹಾಗಾಗಿ ಅರ್ಜಿಯ ಪೋರ್ಟ್‌ಫೋಲಿಯೊದಲ್ಲಿ ಬಣ್ಣದ ಹೂಜಿಗಳನ್ನೇ ತುಂಬಬೇಡಿ. ಮಣ್ಣು, ಬಟ್ಟೆ, ವಿಡಿಯೊ ಯಾವುದಾದರೂ ಆದೀತು, ಒಂದೇ ಯೋಚನೆಯ ಬೆನ್ನು ಹತ್ತಿದ್ದು ಕಾಣಬೇಕು.

ಹಣದ ವಿಷಯದಲ್ಲಿ ನನ್ನದು ಮುಲಾಜಿಲ್ಲದ ಅಭಿಪ್ರಾಯ: ಪೂರ್ತಿ ಶುಲ್ಕ ಸಾಲ ಮಾಡಿ ಕಟ್ಟಿ ಗಾಜಿನ ಎಂಎಫ್‌ಎಗೆ ಹೋಗಬೇಡಿ. ಶುಲ್ಕ ಮನ್ನಾ ಮಾಡಿ, ತರಗತಿ ಅಥವಾ ಸ್ಟುಡಿಯೊ ಕೆಲಸಕ್ಕೆ ಸ್ಟೈಪೆಂಡ್ ಕೊಡುವ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಹೋಗಿ. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳಲು ಎಂಎಫ್‌ಎ ಬೇಕು ನಿಜ, ಆದರೆ ಗಾಜಿನ ಹುದ್ದೆಗಳು ಬೆರಳೆಣಿಕೆಯವು. ಅಸಿಸ್ಟೆಂಟ್‌ಶಿಪ್ ಎಂದರೆ ರಾತ್ರಿ ಕುಲುಮೆಗೆ ಗಾಜು ತುಂಬುವುದು, ಗ್ರೈಂಡಿಂಗ್ ಕೋಣೆಯ ಕೆಸರು ಬಳಿಯುವುದು ಕೂಡ. ಆ ಕೆಸರನ್ನು ಒಣಗಲು ಬಿಡಬಾರದು, ಒಣಗಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಯಾವ ವಿಭಾಗ ಎಂದು ತೀರ್ಮಾನಿಸುವ ಮುಂಚೆ ಪ್ರೊಫೆಸರರಿಗೆ ಬರೆಯುವ ಜೊತೆಗೆ ಈಗ ಓದುತ್ತಿರುವ ಎರಡನೇ ವರ್ಷದವರಿಗೂ ಒಂದು ಇಮೇಲ್ ಹಾಕಿ. ವಾರಕ್ಕೆ ಎಷ್ಟು ಗಂಟೆ ಬೆಂಚ್ ಸಿಗುತ್ತದೆ? ಗಾಜಿಗೆ, ಕಿಲ್ನ್ ಕರೆಂಟಿಗೆ ದುಡ್ಡು ಯಾರದು? ಬೇಸಿಗೆ ರಜೆಯಲ್ಲಿ ಕುಲುಮೆ ಆರಿಸುತ್ತಾರೋ? ದೊಡ್ಡ ಕಿಲ್ನ್‌ಗೆ ಸರದಿ ಹೇಗೆ? ಹೋದ ವರ್ಷ ಪಾಸಾದವರು ಈಗೆಲ್ಲಿ ಕೆಲಸ ಮಾಡುತ್ತಿದ್ದಾರೆ? ವಿದ್ಯಾರ್ಥಿಗಳು ಇವಕ್ಕೆ ಸಾಮಾನ್ಯವಾಗಿ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತಾರೆ. ಅರ್ಜಿಗಳ ಗಡುವು ಬಹಳ ಕಡೆ ಡಿಸೆಂಬರ್-ಜನವರಿ, ಅಷ್ಟರೊಳಗೆ ಉತ್ತರ ಬರಬೇಕಾದರೆ ಸೆಪ್ಟೆಂಬರಿನಲ್ಲೇ ಬರೆಯಿರಿ.